ಕುಣಿದವರು, ಕುಣಿಸಿದವರು

ಇಬ್ಬರೂ ದಾವಣಗೆರೆ ಕಡೆಯವರು. ಒಬ್ಬರು ಮಾವ, ಇನ್ನೊಬ್ಬಳು ಅವರ ಅಕ್ಕನ ಮಗಳು. ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲಕ್ಕೆ ಮಾವ ಸ್ಪಿನ್ನಿಂಗ್ ಮಾಸ್ಟರ್ ಕೆಲಸ ಹುಡುಕಿಕೊಂಡು ಇಂಡೊನೇಷ್ಯಾಕ್ಕೆ ಬಂದರು. ಪಶ್ಚಿಮ ಜಾವಾದ ಪುರ್ವಾಕರ್ತಾದಲ್ಲಿ ಭಾರತೀಯರು ನಡೆಸುವ ಗಿರಣಿಗಳಿವೆ, ಅಲ್ಲೇ ನೆಲೆಯಾದರು. ಸರ್ಕಾರ ಬಿದ್ದ 1998ರ ಮೇ ತಿಂಗಳನ್ನು ಅಲ್ಲಿದ್ದೇ ನೋಡಿದವರು. ಹುಡುಗಿ ಅಲ್ಲಿನ ಸರ್ಕಾರದ ದರ್ಮಸಿಸ್ವಾ ವಿದ್ಯಾರ್ಥಿವೇತನ ಪಡೆದು ಯೋಗ್ಯಕರ್ತಾಕ್ಕೆ (ಜನರ ಬಾಯಲ್ಲಿ ಜೋಗ್ಜಾ) ಭಾಷೆ, ಬಾಟಿಕ್ ಕಲಿಯಲು ಬಂದವಳು. ಅವಳ ಒಡನಾಟವೆಲ್ಲ ಇಪ್ಪತ್ತರ ಆಸುಪಾಸಿನವರ ಜೊತೆ. ಜಕಾರ್ತಾದ ಬ್ಲಾಕ್ ಎಂ ಬಡಾವಣೆಯ ಕಾಫಿ ಅಂಗಡಿಯೊಂದರಲ್ಲಿ ಇವರ ಮಾತು ನಡೆದಾಗ ನಾನು ಮೂರನೆಯವನಾಗಿ ಕೂತಿದ್ದೆ. ಇಬ್ಬರ ಮಾತೂ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಹಾಗೆಂದು ತಳ್ಳಿಹಾಕಲೂ ಆಗಲಿಲ್ಲ.

ಮಾವ: ನಾನು ಬಂದ ಹೊಸದರಲ್ಲಿ ಈ ಜನ ಕೊಪಿ ತುಬ್ರುಕ್ ಕುಡೀತಿದ್ರು. ಗ್ಲಾಸಿನ ತಳದಲ್ಲಿ ಎರಡು ಬೆರಳು ಗಸಿ. ಈಗ ನೋಡು: ಹಾಲು, ತಾಳೆಬೆಲ್ಲ, ಮಂಜುಗಡ್ಡೆ, ಪ್ಲಾಸ್ಟಿಕ್ ಲೋಟ. ಕುಡಿಯೋದಕ್ಕಿಂತ ಮೊದಲು ಲೋಟದ ಫೋಟೊ. ಇದನ್ನೇ ನೀನು ಯುವಜನರ ಸಂಸ್ಕೃತಿ ಅಂತ ಹೊಗಳ್ತಿರೋದು?

ಹುಡುಗಿ: ಲೋಟಾನೇ ನೋಡ್ತಾ ಕೂತ್ರೆ ಹೆಂಗೆ ಮಾವ? 2015ರಲ್ಲಿ ದಕ್ಷಿಣ ಜಕಾರ್ತಾದ ಚಿಪೆತೆಯಲ್ಲಿ ತುಕು ಅನ್ನೋ ಸಣ್ಣ ಅಂಗಡಿ ಈ ಬೆಲ್ಲದ ಕಾಫಿ ಮಾರೋಕೆ ಶುರುಮಾಡ್ತು. 2017ರಲ್ಲಿ ಕೊಪಿ ಕೆನಾಂಗನ್ ಬಂತು. ನಾಲ್ಕೇ ವರ್ಷದಲ್ಲಿ ಆ ಕಂಪನಿಯ ಬೆಲೆ ನೂರು ಕೋಟಿ ಡಾಲರ್ ಮುಟ್ತು. ಅಮೆರಿಕದ ಅಂಗಡಿಗಳಲ್ಲಿ ಕೂರೋಕೆ ಆಗದವರಿಗೆ ಕೂರೋಕೆ ಒಂದು ಜಾಗ ಸಿಕ್ತು, ಅಷ್ಟೆ. ನೊಂಗ್ಕ್ರೊಂಗ್ ಅನ್ನೋದು ಇಲ್ಲಿ ಹೊಸದೇನಲ್ಲವಲ್ಲ. ಜೋಗ್ಜಾದಲ್ಲಿ ಅಂಗ್ಕ್ರಿಂಗಾನ್ ತಿಂಡಿಗಾಡಿ ಮುಂದೆ ಚಾಪೆ ಹಾಸಿಕೊಂಡು ನಡುರಾತ್ರಿವರೆಗೂ ಕೂತಿರ್ತಾರೆ.

ಮಾವ: ಕಟ್ಟೆಹರಟೆ ಅನ್ನು. ಹರಟೆ ಬಗ್ಗೆ ನನ್ನ ತಕರಾರಿಲ್ಲ. ಇದೇ ಊರಲ್ಲಿ ಹರಟೆ ಹೊಡೆಯೋ ಹುಡುಗರು ಸರ್ಕಾರ ಬೀಳಿಸಿದ್ದನ್ನ ನಾನು ಕಂಡಿದ್ದೀನಿ. ಡಾಲರಿಗೆ 2,400 ಇದ್ದ ರುಪಿಯಾ 15,000 ದಾಟಿತ್ತು. ಗಿರಣಿಯಲ್ಲಿ ಹತ್ತಿ ತರಿಸೋಕೆ ದುಡ್ಡಿಲ್ಲ. ಮೇ 12ಕ್ಕೆ ತ್ರಿಸಕ್ತಿ ವಿಶ್ವವಿದ್ಯಾಲಯದ ನಾಲ್ಕು ವಿದ್ಯಾರ್ಥಿಗಳನ್ನ ಗುಂಡಿಟ್ಟು ಕೊಂದ್ರು. ಅದಾದ ವಾರದೊಳಗೆ ಹುಡುಗರು ಪಾರ್ಲಿಮೆಂಟಿನ ಹಸಿರು ಚಾವಣಿ ಹತ್ತಿ ಕೂತ್ರು. 21ನೇ ತಾರೀಕು ಸುಹಾರ್ತೊ ಇಳಿದ. ಮೂವತ್ತೆರಡು ವರ್ಷ ಆಳಿದ ಮನುಷ್ಯ! ಆ ಮಕ್ಕಳ ಮಕ್ಕಳು ಜೀಬ್ರಾ ಪಟ್ಟೆ ಮೇಲೆ ಫ್ಯಾಷನ್ ಷೋ ಮಾಡಿದ್ರು.

ಹುಡುಗಿ: ಬರ್ತೀರಿ ಅಂತ ಗೊತ್ತಿತ್ತು, ಚಿತಾಯಮ್ ಫ್ಯಾಷನ್ ವೀಕ್‌ಗೆ. ಆ ಹುಡುಗರು ಯಾರ ಮಕ್ಕಳು ಅಂತ ಕೇಳಿದ್ದೀರಾ? 2022ರ ಜುಲೈನಲ್ಲಿ ದುಕುಹ್ ಅತಾಸ್ ನಿಲ್ದಾಣದ ಹತ್ತಿರ ಬಂದು ಗುಂಪುಗೂಡಿದವರು ಚಿತಾಯಮ್, ಬೊಜೊಂಗ್ ಗೆದೆ, ದೆಪೊಕ್‌ನಿಂದ ಲೋಕಲ್ ರೈಲು ಹತ್ತಿದವರು. ಹದಿನೈದು ಹದಿನಾರರ ವಯಸ್ಸು, ಕೆಲವರು ಶಾಲೆ ಬಿಟ್ಟವರು. ಅವರ ಊರಲ್ಲಿ ಪಾರ್ಕಿಲ್ಲ, ಫುಟ್‌ಪಾತಿಲ್ಲ. ಸುದೀರ್ಮನ್ ರಸ್ತೆಯ ಗಾಜಿನ ಕಟ್ಟಡಗಳ ಕೆಳಗೆ ಎರಡೂ ಇತ್ತು. ಸಿಗ್ನಲ್ ಕೆಂಪಾದಾಗ ಪಟ್ಟೆ ಮೇಲೆ ನಡೆದು ತೋರಿಸಿದ್ರು. ತೊಟ್ಟಿದ್ದು ಸಂತೆ ಬಟ್ಟೆ. ಅಲ್ಲಿನ ದುಬಾರಿ ವ್ಯಾಪಾರಿ ಬಡಾವಣೆಯ ಹೆಸರಿನ ಎಸ್‌ಸಿಬಿಡಿ ಅನ್ನೋ ನಾಲ್ಕು ಅಕ್ಷರಗಳನ್ನೇ ಎತ್ತಿಕೊಂಡು ಸುದೀರ್ಮನ್ ಜೊತೆ ತಮ್ಮ ಊರುಗಳ ಹೆಸರಿಗೆ ಹೊಂದಿಸಿಬಿಟ್ರು. ಊರ ಅಂಚಿನವರು ಊರ ಮಧ್ಯಕ್ಕೆ ಬಂದು ನಮ್ಮನ್ನೂ ನೋಡಿ ಅಂದ್ರು. ಇದಕ್ಕಿಂತ ರಾಜಕೀಯ ಇನ್ನೇನು ಬೇಕು?

ಮಾವ: ಆಮೇಲೆ ಏನಾಯ್ತು ಹೇಳು.

ಹುಡುಗಿ: ಆಮೇಲೆ... ರಾಜ್ಯಪಾಲರು ಬಂದ್ರು, ವಿದೇಶಿ ರಾಜತಾಂತ್ರಿಕರನ್ನೂ ಪಟ್ಟೆ ಮೇಲೆ ನಡೆಸಿದ್ರು. ನಟ ಬೈಮ್ ವೊಂಗ್ ಅವರ ಕಂಪನಿ ಆ ಫ್ಯಾಷನ್ ವೀಕ್ ಹೆಸರನ್ನ ಟ್ರೇಡ್‌ಮಾರ್ಕ್ ಮಾಡಿಸೋಕೆ ಅರ್ಜಿ ಹಾಕ್ತು. ಜನ ಉಗಿದ ಮೇಲೆ ವಾಪಸ್ ತಗೊಂಡ್ರು. ಪೊಲೀಸರು ಗುಂಪು ಚದುರಿಸಿದ್ರು.

ಮಾವ: ಎಷ್ಟು ದಿನ ನಡೀತು?

ಹುಡುಗಿ: ಒಂದು ಬೇಸಿಗೆ ರಜೆಯಷ್ಟು.

ಮಾವ: ಅದೇ ನನ್ನ ಮಾತು. ಹುಡುಗರು ಏನಾದ್ರೂ ಹುಟ್ಟಿಸ್ತಾರೆ, ಮೊದಲು ಟಿವಿಯವನು ಬರ್ತಾನೆ, ಆಮೇಲೆ ವ್ಯಾಪಾರಿ, ಆಮೇಲೆ ಮಂತ್ರಿ. ಕೊನೆಗೆ ಹುಡುಗರು ರೈಲು ಹತ್ತಿ ಚಿತಾಯಮ್‌ಗೆ ವಾಪಸ್.

(ಇಲ್ಲಿ ಒಂದು ಮಾತು ಸೇರಿಸಬೇಕು. 2020ರ ಜನಗಣತಿಯ ಲೆಕ್ಕದಲ್ಲಿ, 1997ರಿಂದ 2012ರೊಳಗೆ ಹುಟ್ಟಿದವರು ಇಂಡೊನೇಷ್ಯಾದಲ್ಲಿ ಸುಮಾರು ಏಳೂವರೆ ಕೋಟಿ. ಒಟ್ಟು ಜನಸಂಖ್ಯೆಯ ಶೇ. 28ರಷ್ಟು. ಕರ್ನಾಟಕದ ಇಡೀ ಜನಸಂಖ್ಯೆಗಿಂತ ದೊಡ್ಡ ಗುಂಪು. ‘ಹುಡುಗರು’ ಎಂದು ಇಬ್ಬರೂ ಸಲೀಸಾಗಿ ಹೇಳುವಾಗ ನನಗೆ ಈ ಸಂಖ್ಯೆ ನೆನಪಾಗುತ್ತಿತ್ತು.)

ಹುಡುಗಿ: ನೀವು ಬಟ್ಟೆಯವರು. ಬಟ್ಟೆ ವಿಷಯವೇ ಮಾತಾಡೋಣ. ಬಂದುಂಗ್‌ನ ಹುಡುಗರು ದಿಸ್ತ್ರೊ ಅನ್ನೋ ಬಟ್ಟೆ ಅಂಗಡಿ ತೆಗೆದಾಗ ನೀವಲ್ಲೇ ಹತ್ತಿರ ಇದ್ರಲ್ಲ?

ಮಾವ: ಇದ್ದೆ. ಅದು ಚೆನ್ನಾಗಿ ನೆನಪಿದೆ. ಸ್ಕೇಟ್‌ಬೋರ್ಡ್ ಹುಡುಗರು, ಬ್ಯಾಂಡ್ ಹುಡುಗರು. ತಾವೇ ಟಿ-ಷರ್ಟ್ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿ ಸ್ನೇಹಿತರಿಗೆ ಮಾರ್ತಿದ್ರು. 347 ಅಂತ ಒಂದು 1996ರಲ್ಲೇ ಶುರುವಾಗಿತ್ತು. ಮುಂದಿನ ವರ್ಷ ರುಪಿಯಾ ಬಿತ್ತಲ್ಲ, ಹೊರಗಿನ ಬ್ರ್ಯಾಂಡು ಯಾರ ಕೈಗೂ ಎಟುಕದಂತಾಯ್ತು. ಇವರ ನಸೀಬು ಖುಲಾಯಿಸ್ತು. ಹೆಣಿಗೆ ಬಟ್ಟೆ ಬಂದುಂಗ್‌ನಲ್ಲೇ ಸಿಗ್ತಿತ್ತು, ಹೊಲಿಯೋರು ಪಕ್ಕದ ಬೀದಿಯಲ್ಲೇ ಇದ್ರು. ಅವರನ್ನ ನಾನು ಮೆಚ್ಚಿದ್ದೆ. ನೂಲಿನ ಕೌಂಟು ಕೇಳಿ ತಿಳ್ಕೊಳ್ಳೋರು. ಇವತ್ತು ಯಾರು ಕೇಳ್ತಾರೆ? ಯಾವ ದೇಶದವನೋ ಉಟ್ಟುಬಿಟ್ಟ ಬಟ್ಟೆಯ ಮೂಟೆ ಬಿಚ್ಚಿ ಅದರಲ್ಲಿ ಆರಿಸ್ಕೊಂಡು ಹಾಕ್ಕೊಳ್ಳೋದೇ ಸ್ಟೈಲು!

ಹುಡುಗಿ: ತ್ರಿಫ್ಟಿಂಗ್ ಅಂದ್ರೆ ನಿಮಗೆ ಮೈಯೆಲ್ಲ ಉರಿ.

ಮಾವ: ಉರೀದೆ ಇರುತ್ತಾ? ಹಳೇ ಬಟ್ಟೆ ಆಮದು ಮಾಡೋ ಹಾಗಿಲ್ಲ ಅಂತ ಕಾನೂನಿದೆ. ಆದ್ರೂ ಜಕಾರ್ತಾದ ಪಸಾರ್ ಸೆನೆನ್‌ಗೆ ಹೋಗು, ಬಂದುಂಗ್‌ನ ಗೆದೆಬಗೆಗೆ ಹೋಗು. ಜಪಾನು, ಕೊರಿಯಾದಿಂದ ಬಂದ ಬೇಲು ಬೇಲು. ವ್ಯಾಪಾರಿ ಒಳಗೇನಿದೆ ಅಂತ ನೋಡದೆ ಬೇಲು ಕೊಳ್ತಾನೆ, ಅದೃಷ್ಟ ಇದ್ರೆ ಒಳ್ಳೇ ಜಾಕೆಟ್ಟು. 2023ರ ಮಾರ್ಚಿನಲ್ಲಿ ವಾಣಿಜ್ಯ ಸಚಿವರೇ ನಿಂತು ಬೇಲು ಸುಡಿಸಿದ್ರು. ಈ ಕಡೆ ಸುಕೊಹಾರ್ಜೊದ ಸ್ರಿಟೆಕ್ಸ್, 1966ರಲ್ಲಿ ಶುರುವಾದ ಕಂಪನಿ, ದೇಶಕ್ಕೇ ದೊಡ್ಡದು ಅಂತಿದ್ರು. 2025ರ ಮಾರ್ಚ್ 1ಕ್ಕೆ ಬಾಗಿಲು ಹಾಕ್ತು. ಹತ್ತು ಸಾವಿರಕ್ಕೂ ಹೆಚ್ಚು ಜನ ಬೀದಿಗೆ ಬಂದ್ರು. ಹಳೇ ಬಟ್ಟೆಯಿಂದಲೇ ಮುಚ್ಚಿತು ಅಂತ ನಾನು ಸುಳ್ಳು ಹೇಳಲ್ಲ, ಸಾಲ ಕುತ್ತಿಗೆ ಮಟ್ಟಕ್ಕೆ ಬಂದಿತ್ತು. ಆದ್ರೆ ದಾವಣಗೆರೆ ನೋಡಿ ಬಂದವನಿಗೆ ಇದರ ವಾಸನೆ ದೂರದಿಂದಲೇ ಬಡಿಯುತ್ತೆ.

ಹುಡುಗಿ: ನಿಮ್ಮ ನೋವು ನನಗೆ ಅರ್ಥವಾಗುತ್ತೆ. ಆದ್ರೆ ಲೆಕ್ಕ ಬೇರೆ ಕಡೆಯಿಂದಲೂ ಹಾಕಿ. ನನ್ನ ಜೊತೆ ಓದೋ ಹುಡುಗಿ ಒಂದು ಬೇಲಿನ ಅರ್ಧ ಪಾಲು ಕೊಂಡು, ಒಗೆದು, ಇಸ್ತ್ರಿ ಮಾಡಿ, ರಾತ್ರಿ ಫೋನಿನಲ್ಲಿ ಲೈವ್ ಬಂದು ಮಾರಿ ಫೀಸು ಕಟ್ತಾಳೆ. ಗಿರಣಿ ಕೆಲಸ ಅವಳಿಗೆ ಯಾರು ಕೊಡ್ತಾರೆ? 15ರಿಂದ 24ರ ವಯಸ್ಸಿನವರಲ್ಲಿ ಕೆಲಸ ಹುಡುಕ್ತಾ ಸಿಗದೆ ಇರೋರು ಶೇ. 16ರ ಆಸುಪಾಸು. ಸಚಿವರು ಸುಟ್ಟಿದ್ದು ಅವಳ ಫೀಸನ್ನೂ ಹೌದು. ಇನ್ನೊಂದು: ಹಳೇದನ್ನ ಉಡೋರೇ ಕಂಪಾಸ್ ಬೂಟಿಗೆ ಸಾಲು ನಿಲ್ತಾರೆ. 1998ರಲ್ಲಿ ಬಂದುಂಗ್‌ನಲ್ಲಿ ಹುಟ್ಟಿ, ಮೂಲೆ ಸೇರಿ, ಇಪ್ಪತ್ತು ವರ್ಷ ಕಳೆದು ಮತ್ತೆ ಎದ್ದ ಬ್ರ್ಯಾಂಡ್ ಅದು. ಊರಿನದೇ ಚಂದ ಅನ್ನೋ ಹೆಮ್ಮೆ ಇದೆಯಲ್ಲ, ಅದು ಸರ್ಕಾರದ ಜಾಹೀರಾತಿನಿಂದ ಬಂದದ್ದಲ್ಲ.

ಮಾವ: ನಿನ್ನ ಬಾಟಿಕ್ ಏನಾಯ್ತು? ಕೈಯಲ್ಲಿ ಬರೆದದ್ದನ್ನ ಯಾವ ಹುಡುಗ ಕೊಳ್ತಾನೆ?

ಹುಡುಗಿ: ಕೊಳ್ಳಲ್ಲ. ಚಾಂತಿಂಗ್ ಹಿಡಿದು ಬಿಸಿ ಮೇಣದಲ್ಲಿ ಒಂದು ಸೀರೆಯಗಲದ ಬಟ್ಟೆ ಬರೆಯೋಕೆ ತಿಂಗಳುಗಟ್ಟಲೆ ಬೇಕು, ಆ ಬೆಲೆ ಕೊಡೋಕೆ ಅವರಿಗೆ ಆಗಲ್ಲ. ಅಜ್ಜಿಯ ಪೆಟ್ಟಿಗೆಯಿಂದ ತೆಗೀತಾರೆ. ಅಜ್ಜಿಯ ಜಾರಿಕ್ ಸೊಂಟಕ್ಕೆ ಸುತ್ತಿ, ಮೇಲೆ ಬ್ಯಾಂಡಿನ ಟಿ-ಷರ್ಟ್, ಕಾಲಿಗೆ ಬೂಟು, ಹಂಗೇ ಮೆಟ್ರೊ ಹತ್ತುತ್ತಾರೆ. ಯುನೆಸ್ಕೊ 2009ರಲ್ಲಿ ಬಾಟಿಕ್‌ಗೆ ಮನ್ನಣೆ ಕೊಟ್ಟ ಮೇಲೆ ಅದು ಕಚೇರಿಯ ಶುಕ್ರವಾರದ ಅಂಗಿಯಾಗಿತ್ತು. ಈ ಹುಡುಗರು ಅದನ್ನ ಮತ್ತೆ ಉಡುಗೆ ಮಾಡಿದ್ರು.

ಮಾವ: ಅಜ್ಜಿ ಪೆಟ್ಟಿಗೆ ಬರಿದಾದ ಮೇಲೆ?

(ಅವಳು ಇದಕ್ಕೆ ಉತ್ತರ ಕೊಡಲಿಲ್ಲ. ಬಟ್ಟೆಯ ವಿಷಯದಲ್ಲಿ ಮಾವನ ಜೊತೆ ವಾದಕ್ಕಿಳಿದು ದಕ್ಕಿಸಿಕೊಂಡವರನ್ನು ನಾನು ಕಂಡಿಲ್ಲ.)

ಮಾವ: ಅದಿರಲಿ. ಸ್ಟ್ರಾವಾ ಕತೆ ಹೇಳಿದ್ಯಲ್ಲ ಮೊನ್ನೆ, ಅದನ್ನ ಇವರಿಗೂ ಹೇಳು.

ಹುಡುಗಿ: ನಗಬೇಡಿ. 2024ರಲ್ಲಿ ಎಲ್ಲರಿಗೂ ಓಡೋ ಹುಚ್ಚು. ಎಷ್ಟು ಕಿಲೋಮೀಟರು ಓಡಿದೆ ಅಂತ ಆ್ಯಪ್‌ನಲ್ಲಿ ತೋರಿಸಬೇಕು. ಓಡೋಕೆ ಆಗದವರು ದುಡ್ಡು ಕೊಟ್ಟು ಬೇರೆಯವರನ್ನ ಓಡಿಸ್ತಿದ್ರು. ಓಡಿದವನು ಇವರ ಖಾತೆಯಲ್ಲಿ ದಾಖಲೆ ಮಾಡ್ತಿದ್ದ. ವೇಗಕ್ಕೊಂದು ದರ, ನಿಧಾನಕ್ಕೊಂದು ದರ.

ಮಾವ: ಬೆವರನ್ನೂ ಬಾಡಿಗೆಗೆ ತಗೊಳ್ಳೋ ಕಾಲ!

ಹುಡುಗಿ: ದುಡ್ಡು ಕೊಟ್ಟವನನ್ನ ಮಾತ್ರ ನೋಡ್ತೀರಿ. ಓಡಿದವನೂ ಇಪ್ಪತ್ತರ ಹುಡುಗನೇ. ಕಾಲಲ್ಲಿ ಶಕ್ತಿ ಇತ್ತು, ಅದಕ್ಕೊಂದು ಬೆಲೆ ಕಂಡುಕೊಂಡ. ಯಾರಿಗೋ ಊಟ ತಲುಪಿಸೋದು, ಯಾರಿಗೋ ಸಾಲಲ್ಲಿ ನಿಲ್ಲೋದು, ಯಾರದೋ ಬದಲು ಓಡೋದು. ಈ ದೇಶದ ಅರ್ಧ ಯೌವನ ಇನ್ನರ್ಧ ಯೌವನದ ಶೋಕಿಗೆ ದುಡೀತಿದೆ. ಯುವಜನ ಅಂತ ಒಂದೇ ಮುದ್ದೆ ಮಾಡಿ ಮಾತಾಡೋಕೆ ಆಗಲ್ಲ ಅಂತ ನನಗೆ ಇಲ್ಲಿ ಬಂದ ಮೇಲೆ ತಿಳಿದದ್ದು.

ಮಾವ: ಅದು ಸರಿಯಾದ ಮಾತು. ಹಂಗಾದ್ರೆ ದೇವರ ವಿಷಯ ಹೇಳು. ನಾನು ಬಂದಾಗ ಗಿರಣಿಯ ರಿಂಗ್ ಫ್ರೇಮಿನ ಮುಂದೆ ನಿಲ್ಲೋ ಹುಡುಗಿಯರಲ್ಲಿ ತಲೆವಸ್ತ್ರ ಹಾಕಿದವರು ಕಡಿಮೆ. ಈಗ ಹಾಕದವರು ಕಡಿಮೆ. ಬಂದುಂಗ್‌ನಲ್ಲಿ ಸ್ಕೇಟ್‌ಬೋರ್ಡ್ ಹುಡುಗರನ್ನೇ ಸೇರಿಸ್ಕೊಂಡು ‘ಹಿಜ್ರಾಹ್’ ಅಂತ ಧರ್ಮದ ಕಡೆ ಕರೆಯೋ ಉಸ್ತಾದರು ಬಂದ್ರು. ಟೋಪಿ ಹಾಕ್ಕೊಂಡು, ಬೈಕ್ ಜಾಕೆಟ್ ತೊಟ್ಟು ಪ್ರವಚನ. ಪ್ರೀತಿ ಮಾಡಬೇಡಿ, ನೇರ ಮದುವೆಯಾಗಿ ಅನ್ನೋ ಚಳವಳಿ ಬೇರೆ. ಇದೂ ನಿನ್ನ ಯುವಸಂಸ್ಕೃತಿಯೇ?

ಹುಡುಗಿ: ಇದೂ ಹೌದು. ನೀವು ಕಂಡ ಆ ಹುಡುಗಿಯರು ಯಾಕೆ ಹಾಕ್ತಿರಲಿಲ್ಲ ಅನ್ನೋದನ್ನೂ ನೋಡಿ. 1982ರಿಂದ 1991ರವರೆಗೆ ಸರ್ಕಾರಿ ಶಾಲೆಗಳಲ್ಲಿ ತಲೆವಸ್ತ್ರಕ್ಕೆ ಅವಕಾಶವೇ ಇರಲಿಲ್ಲ. ಆಗ ಅದನ್ನ ಹಾಕೋದೇ ಸುಹಾರ್ತೊಗೆ ಎದುರಾಡೋದು. ಇನ್ನು ಗರುತ್‌ನ ಮೂವರು ಹುಡುಗಿಯರು, ಮದರಸಾ ಶಾಲೆಯಲ್ಲಿ ಓದ್ತಾ ಇದ್ದಾಗ 2014ರಲ್ಲಿ ಮೆಟಲ್ ಬ್ಯಾಂಡ್ ಕಟ್ಟಿದ್ರು. ವಾಯ್ಸ್ ಆಫ್ ಬಚೆಪ್ರೊತ್. ಹತ್ತು ವರ್ಷಕ್ಕೆ ಅದೇ ತಲೆವಸ್ತ್ರದಲ್ಲೇ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ವೇದಿಕೆ ಹತ್ತಿದ್ರು, ಇಂಡೊನೇಷ್ಯಾದಿಂದ ಹೋದ ಮೊದಲ ಬ್ಯಾಂಡು. ಊರಲ್ಲಿ ಮಡಿವಂತರು ಬೈದ್ರು, ಹೊರಗೆ ಪತ್ರಕರ್ತರು ವಸ್ತ್ರದ ಬಗ್ಗೆ ಮಾತ್ರ ಕೇಳಿದ್ರು. ಅವರಿಬ್ಬರ ನಡುವೆ ಇವರು ಗಿಟಾರ್ ಬಾರಿಸಿದ್ರು.

ಮಾವ: ಮೂವರ ಕತೆ ಹೇಳಿದೆ. ಪದಾಂಗ್‌ನಲ್ಲಿ ಕ್ರಿಶ್ಚಿಯನ್ ಹುಡುಗಿಗೂ ವಸ್ತ್ರ ಹಾಕು ಅಂತ ಶಾಲೆಯವರು ಒತ್ತಾಯ ಮಾಡಿದ್ದು 2021ರಲ್ಲಿ. ಒತ್ತಾಯ ಮಾಡಬಾರದು ಅಂತ ಸಚಿವರು ಹೊರಡಿಸಿದ ಆದೇಶವನ್ನ ಸುಪ್ರೀಂ ಕೋರ್ಟು ಅದೇ ವರ್ಷ ಹೊಡೆದುಹಾಕ್ತು. ನಿಷೇಧ ಇದ್ದಾಗ ಹಾಕೋದು ಧೈರ್ಯ. ಎಲ್ಲರೂ ಹಾಕುವಾಗ ಹಾಕದೆ ಇರೋ ಹುಡುಗಿಗೆ ಎಷ್ಟು ಧೈರ್ಯ ಬೇಕು?

ಹುಡುಗಿ: ಬಹಳ ಬೇಕು. ಒಪ್ಪಿದೆ. ಮದುವೆ ವಿಷಯದಲ್ಲಿ ಮಾತ್ರ ಉಸ್ತಾದರು ಹೇಳಿದ್ದನ್ನ ಯಾರೂ ಕೇಳ್ತಿಲ್ಲ. 2018ರಲ್ಲಿ ವರ್ಷಕ್ಕೆ ಇಪ್ಪತ್ತು ಲಕ್ಷ ಮದುವೆ ನೋಂದಣಿ ಆಗ್ತಿತ್ತು, 2024ಕ್ಕೆ ಹದಿನೈದು ಲಕ್ಷಕ್ಕಿಂತ ಕೆಳಗಿಳೀತು.

ಮಾವ: ಮನೆ ಬಾಡಿಗೆ ಕಟ್ಟೋಕೆ ಆಗದವನು ಮದುವೆ ಏನಾಗ್ತಾನೆ ಬಿಡು. ಈಗ ನನ್ನ ದೊಡ್ಡ ಪ್ರಶ್ನೆ. 2024ರ ಫೆಬ್ರವರಿ. ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಲವತ್ತರ ಒಳಗಿನವರು. ಯಾರನ್ನ ಗೆಲ್ಲಿಸಿದ್ರು? ಸುಹಾರ್ತೊನ ಅಳಿಯನಾಗಿದ್ದ ಜನರಲ್‌ನ. 1998ರಲ್ಲಿ ಚಳವಳಿಗಾರರ ಅಪಹರಣದ ವಿಷಯದಲ್ಲಿ ಸೇನೆಯಿಂದ ಹೊರಬಿದ್ದ ಮನುಷ್ಯ. ಆತ ವೇದಿಕೆ ಮೇಲೆ ಎರಡು ಕೈ ಆಡಿಸ್ಕೊಂಡು ಕುಣಿದ. ಟಿಕ್‌ಟಾಕ್‌ನಲ್ಲಿ ಗುಂಡುಗುಂಡಗಿನ ಮುದ್ದು ತಾತ ಆಗಿಬಿಟ್ಟ. ಗೆಮೊಯ್ ಅಂತ ಹೆಸರು. ಶೇ. 58ರಷ್ಟು ಮತ, ಮೊದಲ ಸುತ್ತಲ್ಲೇ ಗೆಲುವು. ನಿನ್ನ ಹುಡುಗರು ಕುಣಿದದ್ದಲ್ಲ ತಾಯಿ, ಅವರನ್ನ ಕುಣಿಸಿದ್ರು.

ಹುಡುಗಿ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಇದಕ್ಕೆ ನನ್ನ ಗೆಳೆಯರಲ್ಲೇ ಜಗಳ ಆಗಿದೆ. ಶಾಲೆ ಪಠ್ಯದಲ್ಲಿ ಅಪಹರಣದ ವಿಷಯ ಓದದವರು ಅವರು. ಕುಣಿತ ನೋಡಿ ಯಾರೂ ಮತ ಹಾಕಲಿಲ್ಲ ಅಂತ ನಾನು ಹೇಳಲ್ಲ. ಆದ್ರೆ ನೀವೂ ಒಂದಕ್ಕೆ ಉತ್ತರ ಕೊಡಿ. ನಿಮ್ಮ 1998ರ ವೀರರು ಎಲ್ಲಿದ್ದಾರೆ? ಹಸಿರು ಚಾವಣಿ ಹತ್ತಿದವರಲ್ಲಿ ಎಷ್ಟೋ ಜನ ಅದೇ ಚಾವಣಿ ಕೆಳಗೆ ಸದಸ್ಯರಾಗಿ ಕೂತ್ರು. ಅಪಹರಣಕ್ಕೊಳಗಾದವರಲ್ಲೇ ಕೆಲವರು ಮುಂದೆ ಆ ಜನರಲ್ ಕಟ್ಟಿದ ಪಕ್ಷ ಸೇರಿದ್ರು. 2024ರಲ್ಲಿ ಉಪಸಚಿವರಾದವರಲ್ಲೂ ಅಂಥವರಿದ್ದಾರೆ. ಮರೆತದ್ದು ಹತ್ತೊಂಬತ್ತರ ಹುಡುಗನಾ, ಐವತ್ತೈದರ ಹಿರಿಯನಾ?

ಮಾವ: ...ಅವರು ಮರೆತಿಲ್ಲ. ಮರೆತಹಾಗೆ ಇರೋದು ಲಾಭ ಅಂತ ಕಂಡುಕೊಂಡ್ರು. ಅದು ಇನ್ನೂ ಕೆಟ್ಟದ್ದು.

ಹುಡುಗಿ: ಮರೆಯದವರೂ ಇದ್ದಾರೆ. 2007ರ ಜನವರಿಯಿಂದ ಪ್ರತಿ ಗುರುವಾರ ಅರಮನೆ ಎದುರು ಕಪ್ಪು ಕೊಡೆ ಹಿಡಿದು ನಿಲ್ತಾರಲ್ಲ, ಮಕ್ಕಳನ್ನ ಗಂಡನನ್ನ ಕಳ್ಕೊಂಡವರು. ಇವತ್ತು ಅವರ ಪಕ್ಕದಲ್ಲಿ ನಿಲ್ಲೋರಲ್ಲಿ ಬಹಳಷ್ಟು ಜನ 1998ರ ಮೇಲೆ ಹುಟ್ಟಿದವರು. ಜೋಗ್ಜಾದಲ್ಲೂ ನಿಲ್ತಾರೆ. ನಾನೂ ಹೋಗಿ ನಿಂತಿದ್ದೀನಿ. ಆಮೇಲೆ ಅದೇ ಅಂಗ್ಕ್ರಿಂಗಾನ್ ಚಾಪೆ ಮೇಲೆ ಕೂತು ಮೀಮ್ ಮಾಡ್ತಾರೆ. ನಿಮಗೆ ಇವೆರಡೂ ಬೇರೆ ಬೇರೆ ಜನರ ಕೆಲಸ ಅನ್ಸುತ್ತೆ. ಅಲ್ಲ. 1928ರಲ್ಲಿ ಯುವಜನರ ಪ್ರತಿಜ್ಞೆ ಆಯ್ತಲ್ಲ, ಒಂದು ನಾಡು, ಒಂದು ಜನ, ಒಂದು ಭಾಷೆ ಅಂತ, ಅದು ನಡೆದದ್ದು ಕ್ರಮತ್ ಬೀದಿಯ 106ನೇ ನಂಬರಿನ ವಿದ್ಯಾರ್ಥಿಗಳ ವಸತಿಮನೆಯಲ್ಲಿ. ಇವತ್ತಿನ ರಾಷ್ಟ್ರಗೀತೆಯನ್ನ ಸುಪ್ರತ್ಮನ್ ಮೊದಲು ಅಲ್ಲೇ ಪಿಟೀಲಿನಲ್ಲಿ ನುಡಿಸಿದ್ದು. ಪಿಟೀಲೂ ಪ್ರತಿಜ್ಞೆಯೂ ಒಂದೇ ಕೋಣೆಯಲ್ಲಿದ್ವು.

ಮಾವ: ಪಿಟೀಲು ನುಡಿಸೋದಕ್ಕೂ ಹಡಗುಗಳ್ಳರ ಬಾವುಟ ಹಾರಿಸೋದಕ್ಕೂ ವ್ಯತ್ಯಾಸ ಇಲ್ವಾ? 2025ರ ಆಗಸ್ಟಿನಲ್ಲಿ, ಸ್ವಾತಂತ್ರ್ಯ ದಿನದ ಮುಂಚೆ, ಲಾರಿಗಳ ಮೇಲೆಲ್ಲ ಆ ತಲೆಬುರುಡೆ. ಯಾವುದೋ ಜಪಾನಿ ಕಾರ್ಟೂನಂತೆ.

ಹುಡುಗಿ: ಒನ್ ಪೀಸ್. ಅದರಲ್ಲಿ ಕಳ್ಳರು ಒಳ್ಳೆಯವರು, ಸರ್ಕಾರ ಕೊಳೆತದ್ದು. ಆಳುವವರಿಗೆ ಕೋಪ ಬಂತು, ದೇಶ ಒಡೆಯೋ ಹುನ್ನಾರ ಅಂದ್ರು, ಗೋಡೆ ಮೇಲಿನ ಚಿತ್ರ ಅಳಿಸಿದ್ರು. ಹಿಂಗೆ ತಮಾಷೆಯಲ್ಲೇ ಯಾಕೆ ಅಂದ್ರೆ, ನೇರ ಬೈದ್ರೆ ಮಾನನಷ್ಟದ ಮೊಕದ್ದಮೆ. 2008ರಿಂದ ಅಂತರ್ಜಾಲಕ್ಕೆ ಅಂತಲೇ ಕಾನೂನಿದೆ. ಕಾರ್ಟೂನ್ ಬಾವುಟಕ್ಕೆ ಯಾವ ಕಲಮು ಹಾಕ್ತಾರೆ? ಪುರ್ಬಲಿಂಗ್ಗಾದ ಸುಕತಾನಿ ಬ್ಯಾಂಡಿನ ಇಬ್ಬರು ಪೊಲೀಸರಿಗೆ ಎಲ್ಲದಕ್ಕೂ ದುಡ್ಡು ಕೊಡಬೇಕು ಅಂತ ಹಾಡು ಕಟ್ಟಿದ್ರು. ಮುಖಕ್ಕೆ ಮುಸುಕು ಹಾಕ್ಕೊಂಡೇ ಹಾಡೋರು. 2025ರ ಫೆಬ್ರವರಿಯಲ್ಲಿ ಮುಸುಕು ತೆಗೆದು ಕ್ಷಮೆ ಕೇಳೋ ವಿಡಿಯೊ ಹಾಕಬೇಕಾಯ್ತು, ಹಾಡು ವಾಪಸ್ ತಗೋಬೇಕಾಯ್ತು. ಹಾಡೋ ಹುಡುಗಿ ಶಾಲೆ ಮೇಷ್ಟ್ರು, ಆ ಕೆಲಸವೂ ಹೋಯ್ತು. ಅದೇ ವಾರ ಊರೂರಿನ ಮೆರವಣಿಗೆಯಲ್ಲಿ ಆ ಹಾಡನ್ನೇ ಹಾಡಿದ್ರು. ಪೊಲೀಸ್ ಮುಖ್ಯಸ್ಥರು ನಮ್ಮ ರಾಯಭಾರಿಯಾಗಿ ಅಂತ ಕರೆದ್ರು. ಇವರು ಒಲ್ಲೆ ಅಂದ್ರು. ನುಂಗೋಕೆ ಬಂದಾಗ ಒಲ್ಲೆ ಅನ್ನೋರೂ ಇದ್ದಾರೆ ಮಾವ.

ಮಾವ: ಆ ಇಬ್ಬರಿಗೆ ನನ್ನ ಸಲಾಮು. ಸರಿ, ಆಗಸ್ಟಿಗೆ ಬಾ. ಅದನ್ನ ನಾನು ಟಿವಿ ಮುಂದೆ ಕೂತು ನೋಡಿದೆ, ನ್ಯಾಯವಾಗಿ ಹೇಳ್ತೀನಿ, ಮೈ ನಡುಗಿತು.

ಹುಡುಗಿ: ಪಾರ್ಲಿಮೆಂಟ್ ಸದಸ್ಯರಿಗೆ ಮನೆ ಭತ್ಯೆ ಅಂತ ತಿಂಗಳಿಗೆ ಐದು ಕೋಟಿ ರುಪಿಯಾ. ಜಕಾರ್ತಾದ ಕನಿಷ್ಠ ಕೂಲಿಯ ಹತ್ತುಪಟ್ಟು ಹತ್ತಿರ. 25ಕ್ಕೆ ಬೀದಿಗೆ ಬಂದ್ರು. 28ರ ರಾತ್ರಿ ಪೊಲೀಸರ ಕವಚದ ಗಾಡಿ ಒಬ್ಬ ಓಜೋಲ್ ಹುಡುಗನ ಮೇಲೆ ಹರೀತು. ಬೈಕಿನಲ್ಲಿ ಊಟ ತಲುಪಿಸೋ ಹುಡುಗ, ಇಪ್ಪತ್ತೊಂದು ವರ್ಷ. ಮಾರನೇ ದಿನ ಹಸಿರು ಜಾಕೆಟ್ಟಿನ ಸಮುದ್ರ. ಗುಲಾಬಿ ತಲೆವಸ್ತ್ರದ ಒಬ್ಬ ಹೆಂಗಸು ಪೊಲೀಸರ ಎದುರು ನಿಂತದ್ದು ಎಲ್ಲರೂ ನೋಡಿದ್ರು. ಎಲ್ಲರ ಫೋನಿನಲ್ಲೂ ಮುಖದ ಚಿತ್ರ ಗುಲಾಬಿ, ಹಸಿರು ಆಯ್ತು. ಹದಿನೇಳು ಬೇಡಿಕೆ ತಕ್ಷಣಕ್ಕೆ, ಎಂಟು ಬೇಡಿಕೆ ವರ್ಷದೊಳಗೆ. ಮಲೇಷ್ಯಾ, ಥಾಯ್ಲೆಂಡಿನ ಹುಡುಗರು ಅಲ್ಲಿಂದಲೇ ಆ್ಯಪ್‌ನಲ್ಲಿ ಊಟ ಬುಕ್ ಮಾಡಿ, ತಲುಪಿಸೋ ನೀನೇ ಊಟ ಮಾಡು ಅಂತ ಬರೆದ್ರು. ಭತ್ಯೆ ರದ್ದಾಯ್ತು. ಫೋನಿನ ಆಟ ಅನ್ನಿ ಬೇಕಾದ್ರೆ, ಆ ಆಟದಲ್ಲಿ ಪಳಗಿದ ಬೆರಳುಗಳೇ ಇದನ್ನೆಲ್ಲ ಮಾಡಿದ್ದು. ಸೆಪ್ಟೆಂಬರಿನಲ್ಲಿ ನೇಪಾಳದ ಬೀದಿಯಲ್ಲೂ ಅದೇ ತಲೆಬುರುಡೆ ಬಾವುಟ.

ಮಾವ: ಮಕಸ್ಸರ್‌ನಲ್ಲಿ ಸ್ಥಳೀಯ ಪಾರ್ಲಿಮೆಂಟ್ ಕಟ್ಟಡಕ್ಕೆ ಬೆಂಕಿ ಬಿತ್ತು. ಒಳಗಿದ್ದ ಮೂವರು ಸತ್ರು. ಅವರೇನು ಭತ್ಯೆ ತಗೊಂಡಿದ್ರಾ? ಸದಸ್ಯರ ಮನೆ ನುಗ್ಗಿ ಫ್ಯಾನು, ಫ್ರಿಜ್ಜು, ಬೆಕ್ಕನ್ನೂ ಬಿಡದೆ ಹೊತ್ಕೊಂಡು ಹೋದ್ರು. ನನಗೆ 1998ರ ಮೇ ನೆನಪಾಯ್ತು. ಚೀನೀಯರ ಅಂಗಡಿ ಸುಟ್ಟದ್ದು, ಹೆಣ್ಣುಮಕ್ಕಳಿಗೆ ಆದದ್ದು, ಸಾವಿರಕ್ಕೂ ಹೆಚ್ಚು ಹೆಣ. ಅದನ್ನ ನಾನು ಇಷ್ಟು ಹೊತ್ತು ಹೇಳಲಿಲ್ಲ ನೋಡು. ಹಸಿರು ಚಾವಣಿ ಮೇಲಿನ ಹುಡುಗರದ್ದೇ ಹೇಳ್ತಾ ಬಂದೆ. ನಮಗೆ ಬೇಕಾದ್ದನ್ನೇ ನೆನಪಿಟ್ಕೊಳ್ತೀವಿ.

ಹುಡುಗಿ: ನಾನೂ ಗುಲಾಬಿ ಹಸಿರಿನದ್ದೇ ಹೇಳಿದೆ.

(ಇಬ್ಬರೂ ಇನ್ನೊಂದು ಸುತ್ತು ಕಾಫಿ ಹೇಳಿದರು. ಮಾವ ಈ ಸಲ ಬೆಲ್ಲದ್ದನ್ನೇ ತರಿಸಿಕೊಂಡರು, ತಕರಾರು ಎತ್ತಲಿಲ್ಲ. ಮಾತು ಮುಗಿಯಿತು ಎಂದುಕೊಂಡೆ. ಅವಳ ಹೊಟ್ಟೆಯಲ್ಲಿ ಇನ್ನೊಂದಿತ್ತು.)

ಹುಡುಗಿ: ಮಾವ, ಆಗಸ್ಟಿನಲ್ಲಿ ನನ್ನ ಜೊತೆ ಫಲಕ ಬರೆದ ಹುಡುಗ ಒಬ್ಬನಿದ್ದಾನೆ. ಚೆನ್ನಾಗಿ ಸ್ಕ್ರೀನ್ ಪ್ರಿಂಟ್ ಮಾಡ್ತಾನೆ, ನೀವು ಹೇಳಿದ ಬಂದುಂಗ್ ಹುಡುಗರ ಥರಾನೇ. ಈಗ ಜಪಾನಿ ಕಲೀತಿದ್ದಾನೆ. ಅಲ್ಲಿ ವೃದ್ಧಾಶ್ರಮದಲ್ಲಿ ಮುದುಕರನ್ನ ನೋಡಿಕೊಳ್ಳೋ ಕೆಲಸಕ್ಕೆ. 2025ರ ಶುರುವಿನಲ್ಲಿ ‘ಕಾಬುರ್ ಅಜಾ ದುಲು’ ಅಂತ ಎಲ್ಲರೂ ಹಾಕ್ತಿದ್ರಲ್ಲ, ಮೊದಲು ಇಲ್ಲಿಂದ ಓಡಿಹೋಗೋಣ ಅಂತ, ನಾನದನ್ನ ತಮಾಷೆ ಅಂದ್ಕೊಂಡಿದ್ದೆ. ಇವನು ನಿಜವಾಗ್ಲೂ ಹೊರಟಿದ್ದಾನೆ. ನನಗೆ ಸಿಟ್ಟು ಬಂದಿದೆ.

ಮಾವ: ಯಾಕೆ ಸಿಟ್ಟು?

ಹುಡುಗಿ: ಫಲಕ ಬರೆದವನು ಬಿಟ್ಟು ಹೋದ್ರೆ?

ಮಾವ: ಮಂತ್ರಿಗಳೂ ಇದನ್ನೇ ಅಂದ್ರು. ಹೋಗೋರಿಗೆ ದೇಶಪ್ರೇಮ ಇದೆಯಾ ಅಂತ ಕೇಳಿದ್ರು. ನೀನು ಅವರ ಪಕ್ಕ ಯಾವಾಗ ಕೂತೆ? ನಾನು ದಾವಣಗೆರೆ ಬಿಟ್ಟಾಗ ನಿನ್ನ ಅಜ್ಜಿ ಅತ್ತಳು, ಆದ್ರೆ ಯಾರೂ ನನ್ನ ದೇಶಪ್ರೇಮ ತೂಕ ಹಾಕ್ಲಿಲ್ಲ. ಗಿರಣಿ ಮುಚ್ಚಿತ್ತು, ಹೊರಟೆ. ದುಡಿಯೋ ಕೈ ಎಲ್ಲಿ ಕೆಲಸ ಇದೆಯೋ ಅಲ್ಲಿಗೆ ಹೋಗುತ್ತೆ. ಹೋಗ್ಲಿ ಬಿಡು ಹುಡುಗ.

ಹುಡುಗಿ: ನೀವು ಹೋದಮೇಲೆ ದಾವಣಗೆರೆ ಗಿರಣಿ ತೆರೆಯೋಕೆ ಯಾರು ಹೋರಾಡಿದ್ರು?

ಮಾವ: ಉಳಿದವರು ಹೋರಾಡಿದ್ರು. ಗಿರಣಿ ತೆರೀಲಿಲ್ಲ.

ಹುಡುಗಿ: ಎಲ್ಲರೂ ಉಳಿದಿದ್ರೆ?

ಮಾವ: ಅದನ್ನ ನಾನು ಇಷ್ಟು ವರ್ಷ ಯೋಚಿಸಿಲ್ಲ ಅಂದ್ಕೊಂಡಿದ್ದೀಯಾ? ಇರಲಿ, ಆ ಹುಡುಗ ಮೊದಲು ಭಾಷಾ ಪರೀಕ್ಷೆ ಪಾಸಾಗ್ಲಿ. ಜಪಾನಿ ಅಂದ್ರೆ ಹುಡುಗಾಟ ಅಲ್ಲ.

ಹುಡುಗಿ: ಪಾಸಾಗಿದ್ದಾನೆ. ಮುಂದಿನ ತಿಂಗಳು ಹೊರಡ್ತಾನೆ.

ಮಾವ: ಮುಂದಿನ ತಿಂಗಳಾ? ಹಂಗಾದ್ರೆ ಆ ಎಂಟು ಬೇಡಿಕೆ ಏನಾಯ್ತು ಅಂತ ಕೇಳೋಕೆ ಇಲ್ಲಿ ಯಾರಿರ್ತಾರೆ?

ಹುಡುಗಿ: ಹೋಗ್ಲಿ ಬಿಡು ಅಂತ ಈಗ ತಾನೆ ಅಂದ್ರಿ!

ಮಾವ: ಅಂದೆ. ಹೋಗ್ಲಿ. ಆದ್ರೂ ಕೇಳ್ತಿದ್ದೀನಿ.